ಒಂದೇ ಟ್ರೇ ಊಟ: ಸಾಸೇಜು, ಆಲೂಗಡ್ಡೆ ಮತ್ತು ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಸ್ತೆ ಮೇಡಂ, ನಾನು ಚಿಕ್ಕಮಗಳೂರಿನವನು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಾಸ್ಟರ್ಸ್ ಓದ್ತಿದೀನಿ. ಜೊತೆಗಿರೋ ಹುಡುಗ್ರು ಸಾಸೇಜು, ಆಲೂಗಡ್ಡೆ, ಈರುಳ್ಳಿ ಎಲ್ಲಾ ಒಂದು ಟ್ರೇಗೆ ಹಾಕಿ ಓವನ್‌ಗೆ ತಳ್ಳಿ ಹೋಗಿ ಟಿವಿ ಮುಂದೆ ಕೂರ್ತಾರೆ, ಮುಕ್ಕಾಲು ಗಂಟೆಗೆ ಊಟ ರೆಡಿ. ನಾನು ಮಾಡಿದ್ರೆ ಮಾತ್ರ ಸಾಸೇಜು ಕಪ್ಪಗೆ, ಆಲೂಗಡ್ಡೆ ಒಳಗೆ ಗಟ್ಟಿ ಹೊರಗೆ ಮೆತ್ತಗೆ. ಅಳತೆ ಸಮೇತ ಹೇಳ್ತೀರಾ?
– ಓದುಗ, ಲೀಡ್ಸ್

ಉತ್ತರ: ಹೇಳ್ತೀನಪ್ಪಾ. ಪಾತ್ರೆ ಒಂದೇ ಆದ್ರೂ ಎಲ್ಲಾ ಒಂದೇ ಸಲ ಒಳಗೆ ಹೋಗ್ಬೇಕು ಅಂತೇನಿಲ್ಲ, ಅಲ್ಲೇ ನಿಮ್ಮ ಅರ್ಧ ಸಮಸ್ಯೆ ಇರೋದು. ಹಸಿ ಸಾಸೇಜು 25 ನಿಮಿಷಕ್ಕೆ ಬೆಂದು ಹೋಗತ್ತೆ, ಒಂದು ಇಂಚಿನ ಆಲೂಗಡ್ಡೆ ಹೋಳಿಗೆ 40-45 ನಿಮಿಷ ಬೇಕು, ಇಬ್ರನ್ನೂ ಒಟ್ಟಿಗೆ ಕಳಿಸಿದ್ರೆ ಒಬ್ರು ಸೀದು ಇನ್ನೊಬ್ರು ಹಸಿ ಉಳೀತಾರೆ. ನಿಮ್ಮ ರೂಮ್‌ಮೇಟ್ಸ್ ಬಹುಶಃ ಆಲೂಗಡ್ಡೇನ ಸಣ್ಣಕ್ಕೆ ಹೆಚ್ತಾರೆ, ಇಲ್ಲಾ ಅರ್ಧ ಬೆಂದಿದ್ರೂ ಕೆಚಪ್ ಹಾಕ್ಕೊಂಡು ತಿಂದ್ಬಿಡ್ತಾರೆ, ನಾನಂತೂ ನೋಡಿಲ್ಲ.

ಇನ್ನರ್ಧ ಸಮಸ್ಯೆ ಜಾಗದ್ದು. ಆಲೂಗಡ್ಡೇಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರೋದು, ಆ ನೀರು ಮೇಲ್ಮೈಯಿಂದ ಆರಿ ಹೋದ ಮೇಲೇನೇ ಕೆಂಪಗಾಗೋ ಕೆಲಸ ಶುರುವಾಗತ್ತೆ, ಯಾಕಂದ್ರೆ ಒದ್ದೆ ಇರೋತನಕ ಅಲ್ಲಿನ ಬಿಸಿ 100 ಡಿಗ್ರಿ ದಾಟಲ್ಲ, ಕೆಂಪು ಬಣ್ಣ, ಘಮ ಎಲ್ಲಾ ಬರೋದು ಸುಮಾರು 140 ದಾಟಿದ್ಮೇಲೆ. ಟ್ರೇ ತುಂಬ ಒಂದರ ಮೇಲೊಂದು ಹೇರಿದ್ರೆ ಹಬೆ ಹೊರಗೆ ಹೋಗೋಕೆ ದಾರಿ ಇಲ್ದೆ ಅದು ಓವನ್ ಹೋಗಿ ಇಡ್ಲಿ ಪಾತ್ರೆ ಆಗತ್ತೆ. ಹೋಳಿನ ಮಧ್ಯೆ ಒಂದು ಬೆರಳು ತೂರೋ ಅಷ್ಟು ಜಾಗ ಬಿಡಿ. ನಿಮ್ಮ ಓವನ್ ಜೊತೆ ಬಂದಿರೋ ಅಗಲದ ಟ್ರೇ ಇದೆಯಲ್ಲ, ಅದನ್ನೇ ತಗೊಳ್ಳಿ, ಆಳದ ಗಾಜಿನ ಪಾತ್ರೆ ಬೇಡ.

ಈಗ ಅಳತೆ. ಮೂರು ಜನಕ್ಕೆ ಆರು ಸಾಸೇಜು, ಅಂದ್ರೆ ಹತ್ತಿರ ಹತ್ತಿರ 400 ಗ್ರಾಂ, ಆಲೂಗಡ್ಡೆ 700 ಗ್ರಾಂ, ಎರಡು ಕೆಂಪು ಈರುಳ್ಳಿ, ಒಂದು ಕ್ಯಾಪ್ಸಿಕಮ್, ಸಿಪ್ಪೆ ಸಮೇತ ಆರೇಳು ಬೆಳ್ಳುಳ್ಳಿ ಎಸಳು, ಮೂರು ಟೇಬಲ್ ಸ್ಪೂನ್ ಎಣ್ಣೆ, ಮುಕ್ಕಾಲು ಟೀ ಸ್ಪೂನ್ ಉಪ್ಪು. ಸಾಸೇಜಲ್ಲೇ ಉಪ್ಪಿದೆ, ಅದಕ್ಕೇ ಇಷ್ಟು ಕಮ್ಮಿ ಹೇಳಿದ್ದು. ಓವನ್ 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಫ್ಯಾನ್ ಇದ್ರೆ 200 ಸಾಕು. ಖಾಲಿ ಟ್ರೇನೂ ಒಳಗೇ ಇಟ್ಟು ಕಾಯಿಸಿ, ಕಾದ ಟ್ರೇಗೆ ಎಣ್ಣೆ ಉಪ್ಪು ಸವರಿದ ಆಲೂಗಡ್ಡೆ ಬಿದ್ದ ತಕ್ಷಣ ಚುರ್ ಅನ್ಬೇಕು. ಹೆಚ್ಚಿದ ಮುಖ ಕೆಳಗೆ ಮಾಡಿ ಇಡಿ, 20 ನಿಮಿಷ ಮುಟ್ಟಬೇಡಿ, ಮಧ್ಯೆ ಮಧ್ಯೆ ತಿರುವಿದ್ರೆ ಹಪ್ಪಳೆ ಕಿತ್ತು ಟ್ರೇಗೇ ಅಂಟ್ಕೊಳ್ಳತ್ತೆ. ಆಮೇಲೆ ಹೊರಗೆ ತೆಗೆದು ತಿರುವಿ, ಈರುಳ್ಳಿ, ಕ್ಯಾಪ್ಸಿಕಮ್, ಬೆಳ್ಳುಳ್ಳಿ, ಸಾಸೇಜು ಇಟ್ಟು ಇನ್ನೊಂದು 25 ನಿಮಿಷ, ನಡುವೆ ಸಾಸೇಜನ್ನ ಒಂದ್ಸಲ ಹೊರಳಿಸಿ. ಬ್ರೊಕೋಲಿ ಹಾಕೋ ಆಸೆ ಇದ್ರೆ ಕೊನೇ ಹತ್ತು ನಿಮಿಷಕ್ಕೆ. ಟೊಮ್ಯಾಟೊ ಮಾತ್ರ ಬೇಡ, ನೀರು ಬಿಟ್ಟು ಮಾಡಿದ್ದೆಲ್ಲಾ ಹಾಳು ಮಾಡತ್ತೆ.

ಸಾಸೇಜನ್ನ ಫೋರ್ಕ್‌ನಿಂದ ಚುಚ್ಚಬೇಕಾ ಅಂತ ಮುಂದಿನ ಪತ್ರ ಬರತ್ತೆ ಅಂತ ಗೊತ್ತು, ಚುಚ್ಚಬೇಡಿ, ಒಳಗಿನ ರಸ ಕೊಬ್ಬು ಎಲ್ಲಾ ಸೋರಿ ಒಣಕಲಾಗತ್ತೆ. ಬೆಂದಿದೆಯಾ ಅಂತ ನೋಡೋಕೆ ಒಂದು ಪ್ರೋಬ್ ಥರ್ಮಾಮೀಟರ್ ತಗೊಂಡುಬಿಡಿ, ಮಧ್ಯಭಾಗದಲ್ಲಿ ಪೋರ್ಕ್‌ಗೆ 71, ಚಿಕನ್‌ಗೆ 74 ಡಿಗ್ರಿ ತೋರಿಸ್ಬೇಕು. ಇನ್ನೊಂದು, ಅಂಗಡೀಲಿ ಎಲ್ಲಕ್ಕಿಂತ ಅಗ್ಗದ ಪ್ಯಾಕೆಟ್ ಎತ್ಕೋಬೇಡಿ. ಅಲ್ಲಿ ಪೋರ್ಕ್ ಸಾಸೇಜು ಅಂತ ಹೆಸರು ಹಾಕೋಕೆ ಕಾನೂನಿನ ಪ್ರಕಾರ 42 ಪರ್ಸೆಂಟ್ ಮಾಂಸ ಇದ್ರೆ ಸಾಕು, ಮಿಕ್ಕಿದ್ದು ರಸ್ಕ್ ಪುಡಿ, ನೀರು ಇತ್ಯಾದಿ. ಆ ನೀರೆಲ್ಲಾ ನಿಮ್ಮ ಆಲೂಗಡ್ಡೆ ಮೇಲೇ ಬರೋದು. ಹಿಂದುಗಡೆ ಓದಿ 80ಕ್ಕಿಂತ ಮೇಲಿರೋದು ತಗೊಳ್ಳಿ.

ಪ್ರಶ್ನೆ: ನಮಗೆ ಇಲ್ಲಿ ಗೋವಾದ ಸಾಸೇಜು ಸಿಗ್ತದೆ, ಮಣಿ ಸರದ ಹಾಗೆ ಕಟ್ಟಿದ್ದು. ಮನೆಯಲ್ಲಿ 28 ಲೀಟರಿನ ಓಟಿಜಿ (ಸಣ್ಣ ಕರೆಂಟ್ ಓವನ್) ಉಂಟು. ಇದೇ ಅಡುಗೆ ಅದರಲ್ಲಿ ಆಗ್ತದಾ ಅಥವಾ ವಿದೇಶದ ಸಾಸೇಜೇ ಬೇಕಾ?
– ಓದುಗರು, ಮಂಗಳೂರು

ಉತ್ತರ: ಆಗತ್ತಾ ಅಂತ ಕೇಳ್ತೀರಲ್ಲ ಮಾರಾಯ್ರೇ, ನನ್ನ ಕೇಳಿದ್ರೆ ಅದೇ ಇದಕ್ಕೆ ಜಾಸ್ತಿ ಒಗ್ಗೋದು! ಗೋವಾದವ್ರು ಆ ಸಾಸೇಜನ್ನ, ಅಂದ್ರೆ ಚೋರಿಸನ್ನ, ಈರುಳ್ಳಿ ಆಲೂಗಡ್ಡೆ ಜೊತೆ ಬೇಯಿಸಿ ಪಾವ್ ಜೊತೆ ತಿನ್ನೋದು ಹೊಸದೇನಲ್ಲ, ನೀವು ಒಲೆ ಬದಲು ಓವನ್‌ಗೆ ಹೋಗ್ತಿದೀರಿ ಅಷ್ಟೇ. ಆದ್ರೆ ಲೀಡ್ಸ್ ಹುಡುಗನಿಗೆ ಹೇಳಿದ ಲೆಕ್ಕ ನಿಮಗೆ ನಡೆಯಲ್ಲ. ಇದು ವಿನೆಗರ್, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಲ್ಲಿ ನೆನೆಸಿ ಒಣಗಿಸಿದ ಮಾಂಸ, ರುಚಿ ತುಂಬಾ ಜೋರು, 700 ಗ್ರಾಂ ಆಲೂಗಡ್ಡೆಗೆ 150ರಿಂದ 200 ಗ್ರಾಂ ಧಾರಾಳ ಆಯ್ತು. ಆಲೂಗಡ್ಡೆಗೆ ಮೊದಲೇ ಉಪ್ಪು ಹಾಕ್ಬೇಡಿ, ಕೊನೇಗೆ ರುಚಿ ನೋಡಿ ಬೇಕಾದ್ರೆ ಹಾಕಿ. ಎಣ್ಣೇನೂ ಒಂದೇ ಸ್ಪೂನ್ ಸಾಕು, ಚೋರಿಸ್ ಬಿಡೋ ಆ ಕೆಂಪು ಕೊಬ್ಬು ಇದೆಯಲ್ಲ, ಅದು ಆಲೂಗಡ್ಡೆಗೆ ಹತ್ತಿದ್ರೆ ಬೇರೆ ಮಸಾಲೆ ಯಾಕೆ ಬೇಕು ಹೇಳಿ.

ಮೆಣಸಿನಕಾಯಿ ಇರೋದ್ರಿಂದ ಜಾಸ್ತಿ ಬಿಸಿಗೆ ಬೇಗ ಕಪ್ಪಾಗಿ ಕಹಿ ಬರತ್ತೆ. ಹಂಗಾಗಿ ಆಲೂಗಡ್ಡೆ ಮುಕ್ಕಾಲು ಪಾಲು ಬೇಯೋ ತನಕ 200ರಲ್ಲಿ ಬಿಟ್ಟು, ಆಮೇಲೆ 180ಕ್ಕೆ ಇಳಿಸಿ, ದಾರ ಬಿಚ್ಚಿ ಸಿಪ್ಪೆ ತೆಗೆದು ಪುಡಿ ಮಾಡಿದ ಸಾಸೇಜು, ಉದ್ದುದ್ದ ಹೆಚ್ಚಿದ ಈರುಳ್ಳಿ ಹಾಕಿ 15-20 ನಿಮಿಷ. ಒಣಗಿಸಿದ್ದಾದ್ರೂ ಅದು ಹಸಿ ಮಾಂಸವೇ, ಚೆನ್ನಾಗಿ ಬೇಯಲೇಬೇಕು. ಓಟಿಜಿ ಬಗ್ಗೆ ಒಂದು ಮಾತು: ಮೇಲಿನ ಕೆಳಗಿನ ಎರಡೂ ರಾಡ್ ಆನ್ ಇರ್ಲಿ, 15 ನಿಮಿಷ ಮೊದಲೇ ಕಾಯಿಸಿ, ಟ್ರೇ ಮಧ್ಯದ ಕಂಬಿ ಮೇಲೆ, ಅರ್ಧ ಟೈಮಲ್ಲಿ ಹಿಂದುಮುಂದು ತಿರುಗಿಸಿ, ಯಾಕಂದ್ರೆ ಸಣ್ಣ ಓವನ್‌ಗಳಲ್ಲಿ ಎಲ್ಲಾ ಕಡೆ ಒಂದೇ ಸಮ ಬಿಸಿ ಇರಲ್ಲ. ಟ್ರೇ ಚಿಕ್ಕದು, ಎರಡು ಜನಕ್ಕಿಂತ ಜಾಸ್ತಿ ಆದ್ರೆ ಎರಡು ಕಂತಲ್ಲಿ ಮಾಡಿ.

ಪ್ರಶ್ನೆ: ನಾನಿರೋದು ಬೆಂಗಳೂರಲ್ಲಿ ಒಂದು ಸಣ್ಣ ರೂಮಲ್ಲಿ, ಓವನ್ ಇಲ್ಲ, ಒಂದು ಇಂಡಕ್ಷನ್ ಸ್ಟೋವ್ ಒಂದು ಕಬ್ಬಿಣದ ಬಾಣಲೆ ಅಷ್ಟೇ. ಫ್ರೋಜನ್ ಚಿಕನ್ ಸಾಸೇಜ್ ಪ್ಯಾಕೆಟ್ ತಂದಿದೀನಿ. ಏನಾದ್ರೂ ದಾರಿ ಇದ್ಯಾ?
– ಓದುಗ, ಬೆಂಗಳೂರು

ಉತ್ತರ: ಬಾಣಲೆ ತಳ ಚಪ್ಪಟೆ ಇದೆ ತಾನೇ? ಹಂಗಿದ್ರೆ ಓವನ್‌ಗಿಂತ ಬೇಗ ಆಗತ್ತೆ. ನಮ್ಮಲ್ಲಿ ಸಿಗೋ ಪ್ಯಾಕೆಟ್ ಚಿಕನ್ ಸಾಸೇಜು ಬಹುಪಾಲು ಮೊದಲೇ ಬೇಯಿಸಿದ್ದು, ಮಾಂಸನ ನುಣ್ಣಗೆ ಅರೆದು ಅಚ್ಚಿಗೆ ತುಂಬಿ ಬೇಯಿಸಿ ಸಿಪ್ಪೆ ಬಿಚ್ಚಿರ್ತಾರೆ, ಪ್ಯಾಕೆಟ್ ಮೇಲೆ ಬರೆದಿರತ್ತೆ, ಓದ್ಕೊಳ್ಳಿ. ಅಂಥದ್ದಕ್ಕೆ ಬರೀ ಬಿಸಿ ಮುಟ್ಟಿ ಮೇಲೆ ಕೆಂಪಾದ್ರೆ ಸಾಕು, 25 ನಿಮಿಷ ಬಿಟ್ರೆ ರಬ್ಬರ್ ಆಗತ್ತೆ. ರಾತ್ರೀನೇ ಫ್ರೀಜರ್‌ನಿಂದ ತೆಗೆದು ಕೆಳಗಿನ ಫ್ರಿಜ್‌ಗೆ ಹಾಕಿ, ಕರಗಿರತ್ತೆ.

ಆಲೂಗಡ್ಡೇನ ಅರ್ಧ ಇಂಚಿಗೆ ಹೆಚ್ಚಿ, ತೊಳೆದು, ಬಟ್ಟೇಲಿ ಒತ್ತಿ ಪೂರ್ತಿ ಒರೆಸಿ. ಬಾಣಲೇಲಿ ಎರಡು ಸ್ಪೂನ್ ಎಣ್ಣೆ ಕಾಯಿಸಿ ಒಂದೇ ಪದರವಾಗಿ ಹರಡಿ, ಮುಚ್ಚಳ ಹಾಕಿ ಮೀಡಿಯಮ್‌ನಲ್ಲಿ ಎಂಟು ನಿಮಿಷ, ಒಳಗೆ ಬೇಯೋಕೆ. ಆಮೇಲೆ ಮುಚ್ಚಳ ತೆಗೆದ್ಬಿಡಿ, ಮತ್ತೆ ಮುಚ್ಬೇಡಿ, ಎಂಟತ್ತು ನಿಮಿಷ ಆಗಾಗ ತಿರುವಿ ಗರಿಗರಿ ಮಾಡಿ. ಹೋಳುಗಳನ್ನ ಪಕ್ಕಕ್ಕೆ ಸರಿಸಿ ಈರುಳ್ಳಿ, ಓರೆಯಾಗಿ ಹೆಚ್ಚಿದ ಸಾಸೇಜು ಹಾಕಿ ಆರು ನಿಮಿಷ. ಮೇಲೆ ಕುಟ್ಟಿದ ಕಾಳುಮೆಣಸು, ಅರ್ಧ ನಿಂಬೆಹಣ್ಣು. ರೂಮಲ್ಲಿ ಎಕ್ಸಾಸ್ಟ್ ಫ್ಯಾನ್ ಇಲ್ದಿದ್ರೆ ಕಿಟಕಿ ತೆಗೆದಿಟ್ಕೊಳ್ಳಿ, ಬಟ್ಟೆ ಎಲ್ಲಾ ವಾಸನೆ ಹೊಡೆಯತ್ತೆ.

ಪ್ರಶ್ನೆ: ನಮ್ಮೂರಲ್ಲಿ ಆಲೂಗಡ್ಡೆಗೇನು ಬರ ಇಲ್ಲ, ಹೊಲದಿಂದಲೇ ಬರುತ್ತೆ. ಆದರೆ ಹುರಿದರೆ ಒಂದೊಂದು ಸಲ ಚೆನ್ನಾಗಿ ಬರುತ್ತೆ, ಒಂದೊಂದು ಸಲ ಬೇಗ ಕಪ್ಪಾಗಿ ಸಿಹಿ ಸಿಹಿ ಆಗುತ್ತೆ. ಯಾಕೆ?
– ಓದುಗರು, ಹಾಸನ

ಉತ್ತರ: ಈ ಸಲದ ನನ್ನ ಫೇವರಿಟ್ ಪ್ರಶ್ನೆ ಇದು. ಸಿಹಿಗೆ ಕಾರಣ ಚಳಿ. ಆಲೂಗಡ್ಡೇನ ಫ್ರಿಜ್‌ನಲ್ಲಿಟ್ರೆ, ಅಥವಾ ಕೋಲ್ಡ್ ಸ್ಟೋರೇಜಿನಿಂದ ಬಂದಿದ್ರೆ, ಒಳಗಿನ ಪಿಷ್ಟ ನಿಧಾನವಾಗಿ ಸಕ್ಕರೆ ಆಗ್ತಾ ಹೋಗತ್ತೆ, ಆ ಸಕ್ಕರೆ ಓವನ್ ಬಿಸಿಗೆ ಒಳಗೆ ಬೇಯೋಕ್ಕಿಂತ ಮುಂಚೇನೇ ಕಪ್ಪಾಗತ್ತೆ. ಚಿಪ್ಸ್ ಮಾಡೋರು ಕುಫ್ರಿ ಚಿಪ್ಸೋನಾ ಥರದ ತಳಿ ಹುಡ್ಕೋದೂ ಇದಕ್ಕೇ, ಅದ್ರಲ್ಲಿ ಸಕ್ಕರೆ ಕಮ್ಮಿ. ನೀವು ಗೋಣಿಚೀಲದಲ್ಲಿ ಕತ್ತಲೆ ಇರೋ ಗಾಳಿಯಾಡೋ ಮೂಲೇಲಿಡಿ, ಈರುಳ್ಳಿ ಪಕ್ಕ ಬೇಡ. ಹಸಿರು ತಿರುಗಿದ್ದು, ಮೊಳಕೆ ಒಡೆದಿದ್ದು ಬಿಟ್ಟುಬಿಡಿ.

ಕಪ್ಪಗೆ ಹುರಿದ್ರೆ ಇನ್ನೊಂದು ತೊಂದ್ರೆ ಇದೆ. ಪಿಷ್ಟ ಜಾಸ್ತಿ ಇರೋ ಪದಾರ್ಥನ 120 ಡಿಗ್ರಿ ಮೇಲೆ ಹುರಿದಾಗ ಅಕ್ರಿಲಮೈಡ್ ಅನ್ನೋ, ಕ್ಯಾನ್ಸರ್ ತರಬಹುದಾದ ರಾಸಾಯನಿಕ ಹುಟ್ಟತ್ತೆ ಅಂತ 2002ರಲ್ಲಿ ಸ್ವೀಡನ್ನಿನವ್ರು ಕಂಡುಹಿಡಿದ್ರು, ಬಣ್ಣ ಗಾಢ ಆದಷ್ಟೂ ಅದು ಜಾಸ್ತಿ. ಹೊಂಬಣ್ಣ ಬಂದಾಗ ನಿಲ್ಲಿಸಿ ಅಷ್ಟೇ, ಹೆದರಿ ಆಲೂಗಡ್ಡೆ ಬಿಡೋ ಅಗತ್ಯ ಏನಿಲ್ಲ.

ಹೊಲದಿಂದ ಆಗ ತಾನೇ ಕಿತ್ತ ಎಳೇದರಲ್ಲಿ ನೀರು ಜಾಸ್ತಿ, ಸಿಪ್ಪೆ ತೆಳು. ಅದನ್ನ ಸಿಪ್ಪೆ ಸಮೇತ ಅರ್ಧ ಸೀಳಿ ಹುರೀರಿ, ಗರಿಗರಿಗಿಂತ ಬೆಣ್ಣೆ ಥರ ಬರತ್ತೆ, ಅದೂ ಚೆಂದವೇ. ಬಲಿತ ಹಿಟ್ಟುಹಿಟ್ಟಾದ ಆಲೂಗಡ್ಡೆಗೆ ಒಂದು ಉಪಾಯ ಇದೆ: ಹೆಚ್ಚಿದ ಹೋಳನ್ನ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ ಹಾಕಿದ ನೀರಲ್ಲಿ ಏಳೆಂಟು ನಿಮಿಷ ಕುದಿಸಿ, ಬಸಿದು, ಅದೇ ಪಾತ್ರೇಲಿ ಜೋರಾಗಿ ಕುಲುಕಿ. ಸೋಡ ಅಂಚನ್ನ ಕರಗಿಸತ್ತೆ, ಮೈಯೆಲ್ಲಾ ತರಿತರಿ ಆಗತ್ತೆ, ಆ ತರಿ ಎಣ್ಣೇಲಿ ಹುರಿದಾಗ ಬರೋ ಗರಿಗರಿ ಬೇರೆ ಯಾವುದ್ರಲ್ಲೂ ಬರಲ್ಲ. ಒಂದು ಪಾತ್ರೆ ಜಾಸ್ತಿ ತೊಳೀಬೇಕಾಗತ್ತೆ, ಹೌದು, ಭಾನುವಾರಕ್ಕೆ ಇಟ್ಕೊಳ್ಳಿ. ನಿಮ್ಮ ಮಕ್ಕಳು ಯಾರಾದ್ರೂ ಜರ್ಮನೀಲಿದ್ರೆ ಹೇಳಿ, ಅಲ್ಲಿ ಚೀಲದ ಮೇಲೇ ಬರೆದಿರತ್ತೆ, ಫೆಸ್ಟ್‌ಕೋಖೆಂಡ್ ಅಂದ್ರೆ ಗಟ್ಟಿ ನಿಲ್ಲೋದು, ಮೇಲಿಗ್‌ಕೋಖೆಂಡ್ ಅಂದ್ರೆ ಹಿಟ್ಟಾಗೋದು. ನಮ್ಮ ಮಾರ್ಕೆಟ್‌ನಲ್ಲಿ ಆ ಭಾಗ್ಯ ಯಾವಾಗ ಬರತ್ತೋ.

ಪ್ರಶ್ನೆ: ಮಕ್ಕಳಿಗೆ ಮೂರು ಮತ್ತು ಎಂಟು ವರ್ಷ, ಇಬ್ಬರಿಗೂ ಸಾಸೇಜ್ ಅಂದ್ರೆ ಪ್ರಾಣ, ವಾರಕ್ಕೆ ಮೂರು ನಾಲ್ಕು ದಿನ ಕೇಳ್ತಾರೆ. ಕೊಡಬಹುದಾ?
– ಓದುಗರು, ಮೈಸೂರು

ಉತ್ತರ: ಅಷ್ಟೊಂದು ಬೇಡಮ್ಮ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜು, ಬೇಕನ್, ಹ್ಯಾಮ್ ಥರದ ಸಂಸ್ಕರಿತ ಮಾಂಸನ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ದಿನಾ 50 ಗ್ರಾಂ ತಿಂದ್ರೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಇರೋದಕ್ಕಿಂತ 18 ಪರ್ಸೆಂಟ್ ಜಾಸ್ತಿ ಆಗತ್ತೆ ಅಂತ. ಉಪ್ಪಿನ ಲೆಕ್ಕ ಬೇರೆ. ತಿಂಗಳಿಗೆ ಒಂದೆರಡು ಸಲ ಅಂದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಮಿಕ್ಕ ದಿನ ಇದೇ ಟ್ರೇಗೆ ಮೂಳೆ ಸಮೇತ ಕೋಳಿ ತೊಡೆ ಹಾಕಿ, ಅದಕ್ಕೂ ಆಲೂಗಡ್ಡೆಗೂ ಒಂದೇ ಟೈಮು, ಒಟ್ಟಿಗೇ ಒಳಗೆ ಹೋಗಬಹುದು.

ಇದಕ್ಕಿಂತ ಮುಖ್ಯವಾದ್ದು ಚಿಕ್ಕವನ ವಿಷ್ಯ. ಸಾಸೇಜನ್ನ ದುಂಡು ಬಿಲ್ಲೆಯಾಗಿ ಹೆಚ್ಚಿ ಕೊಡ್ಲೇಬೇಡಿ, ಸರಿಯಾಗಿ ಗಂಟಲಿನ ಅಳತೆಗೇ ಇರತ್ತೆ, ಸಿಕ್ಕಿಹಾಕ್ಕೊಂಡ್ರೆ ಉಸಿರೇ ಕಟ್ಟತ್ತೆ. ಮೊದಲು ಉದ್ದಕ್ಕೆ ನಾಲ್ಕು ಸೀಳಿ ಆಮೇಲೆ ಸಣ್ಣಗೆ ತುಂಡು ಮಾಡಿ, ಕೂರಿಸಿಯೇ ತಿನ್ನಿಸಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದೀವಿ. ಗಂಡ ತಿಂತಾರೆ, ನಾನು ತಿನ್ನಲ್ಲ. ಒಂದೇ ಟ್ರೇನಲ್ಲಿ ಅವರಿಗೆ ಒಂದು ಕಡೆ ಸಾಸೇಜು, ನನಗೆ ಇನ್ನೊಂದು ಕಡೆ ಪನೀರ್ ಇಟ್ಟು ಮಾಡಬಹುದಾ?
– ಓದುಗರು, ನ್ಯೂಜೆರ್ಸಿ

ಉತ್ತರ: ಬೇಡ. ಸಾಸೇಜಿನ ಕೊಬ್ಬು ಗೆರೆ ಎಳೆದ ಹಂಗೆ ಆ ಕಡೇನೇ ನಿಲ್ಲಲ್ಲ, ಫಾಯಿಲ್ ಗೋಡೆ ಕಟ್ಟಿದ್ರೂ ಕೆಳಗಿಂದ ಬರತ್ತೆ. ಎರಡು ಸಣ್ಣ ಟ್ರೇ ತಗೊಳ್ಳಿ, ನಿಮ್ಮದು ಮೇಲಿನ ಕಂಬಿಗೆ, ಅವ್ರದ್ದು ಕೆಳಗೆ, 425 ಫ್ಯಾರನ್‌ಹೀಟ್. ಪನೀರ್ ಅಷ್ಟು ಹೊತ್ತಿಗೆ ಒಣಗಿ ಬೆಂಡಾಗತ್ತೆ, ಅದ್ರ ಬದಲು ಬೇಯಿಸಿ ಚೆನ್ನಾಗಿ ಒರೆಸಿದ ಕಾಬೂಲ್ ಕಡಲೆ, ಇಡೀ ಅಣಬೆ ಹಾಕಿ. ನಿಮ್ಮ ಕಡೆ ಸಿಗೋ ಇಟಾಲಿಯನ್ ಸಾಸೇಜಿನ ಘಮ ಮುಖ್ಯವಾಗಿ ಸೋಂಪಿಂದ ಬರೋದು. ಒಂದು ಟೀ ಸ್ಪೂನ್ ಸೋಂಪು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ತರಿಯಾಗಿ ಕುಟ್ಟಿ ನಿಮ್ಮ ಟ್ರೇಗೆ ಹಾಕಿದ್ರೆ ಎರಡೂ ತಟ್ಟೇಲಿ ಒಂದೇ ಘಮ. ಕೈ ಪುರುಸೊತ್ತಿದ್ರೆ ವೇಲ್ಸ್‌ನವರ ಗ್ಲಾಮೋರ್ಗನ್ ಸಾಸೇಜು ಮಾಡಿ ನೋಡಿ, ಚೀಸ್, ಲೀಕ್ ಸೊಪ್ಪು, ಬ್ರೆಡ್ ಪುಡಿ ಸೇರಿಸಿ ಉದ್ದಕ್ಕೆ ಹೊಸೆಯೋದು, ಮಾಂಸವೇ ಇಲ್ಲ.

ನಿಮ್ಮವ್ರು ಬೀಫ್ ಅಥವಾ ಪೋರ್ಕ್ ತಿನ್ನೋರಲ್ಲ ಅಂದ್ರೆ ಒಂದು ಕಿವಿಮಾತು, ಚಿಕನ್ ಸಾಸೇಜು ಅಂತ ಬರೆದಿದ್ರೂ ಹೊರಗಿನ ಪೊರೆ ದನದ ಚರ್ಮದ ಕೊಲಾಜನ್ ಅಥವಾ ಹಂದಿ ಕರುಳಿಂದು ಇರಬಹುದು, ಇಂಗ್ರೀಡಿಯೆಂಟ್ಸ್ ಪಟ್ಟಿಯ ಕೊನೇ ಸಾಲು ಓದಿ.

ಪ್ರಶ್ನೆ: ಟ್ರೇ ತಳಕ್ಕೆ ಹಿಡಿದದ್ದು ಉಜ್ಜಿ ಉಜ್ಜಿ ಸಾಕಾಯ್ತು. ಫಾಯಿಲ್ ಹಾಕಲಾ?
– ಓದುಗರು, ಹುಬ್ಬಳ್ಳಿ

ಉತ್ತರ: ಫಾಯಿಲ್‌ಗೆ ಆಲೂಗಡ್ಡೆ ಅಂಟಿ ಹರಿದು ಬರತ್ತೆ ರೀ, ಬೇಕಿಂಗ್ ಪೇಪರ್ ಪರವಾಗಿಲ್ಲ, ಎಷ್ಟು ಡಿಗ್ರಿ ತಡೆಯತ್ತೆ ಅಂತ ಡಬ್ಬಿ ಮೇಲೆ ನೋಡಿ ಹಾಕಿ. ಆದ್ರೆ ತಳ ಹಿಡಿದದ್ದನ್ನ ನೀವು ಉಜ್ಜಿ ಎಸೀತಿದ್ರೆ ಅನ್ಯಾಯ, ಪೂರ್ತಿ ಸೀದಿಲ್ಲ ಅಂದ್ರೆ ಇಡೀ ಅಡುಗೆಯ ರುಚಿ ಇರೋದೇ ಅಲ್ಲಿ. ಎಲ್ಲಾ ಬಡಿಸಿದ ಮೇಲೆ ಟ್ರೇ ಬಿಸಿ ಇದ್ದಾಗ್ಲೇ ಅರ್ಧ ಲೋಟ ಬಿಸಿನೀರು, ಒಂದು ಸ್ಪೂನ್ ಸಾಸಿವೆ ಪೇಸ್ಟು, ಒಂದು ಟೀ ಸ್ಪೂನ್ ವಿನೆಗರ್ ಹಾಕಿ ಮರದ ಸೌಟಿಂದ ಕೆರೀರಿ, ಹುರಿದ ಬೆಳ್ಳುಳ್ಳಿನೂ ಸಿಪ್ಪೆಯಿಂದ ಹಿಂಡಿ ಕಲಸಿ. ಎರಡು ನಿಮಿಷಕ್ಕೆ ಗ್ರೇವಿ ಆಯ್ತು, ಟ್ರೇನೂ ಮುಕ್ಕಾಲು ಕ್ಲೀನ್ ಆಯ್ತು. ತಣ್ಣೀರು ಮಾತ್ರ ಸುರೀಬೇಡಿ, ತೆಳು ಟ್ರೇ ಡೊಂಕಾಗತ್ತೆ.