ರಾಟರ್‌ಡ್ಯಾಮ್ ಬಂದರು ಇಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ?

ಒಂದೇ ಮಾತಲ್ಲಿ ಹೇಳೋದಾದರೆ, ಈ ಬಂದರು ಸಮುದ್ರವನ್ನು ಹುಡುಕಿಕೊಂಡು ಹೋಯಿತು.

13ನೇ ಶತಮಾನದಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟೆ ನದಿಗೆ ಒಂದು ಅಣೆಕಟ್ಟು ಕಟ್ಟಿದರು. ಅದರ ಪಕ್ಕದಲ್ಲಿ ಹುಟ್ಟಿದ ಮೀನುಗಾರರ ಊರೇ ರಾಟರ್‌ಡ್ಯಾಮ್. ಹೆಸರಲ್ಲೇ ‘ಡ್ಯಾಮ್’ ಇದೆ, ಅಲ್ವಾ? 1340ರಲ್ಲಿ ಅದಕ್ಕೆ ನಗರದ ಹಕ್ಕು ಸಿಕ್ಕಿತು.

19ನೇ ಶತಮಾನದ ಹೊತ್ತಿಗೆ ಊರಿನಿಂದ ಸಮುದ್ರಕ್ಕೆ ಸಾಗುವ ರೈನ್ ನದಿಯ ಮುಖದಲ್ಲಿ ಹೂಳು ತುಂಬಿ, ದೊಡ್ಡ ಹಡಗುಗಳು ಊರಿಗೆ ಬರುವುದೇ ಕಷ್ಟವಾಯಿತು. ಆಗ ಪೀಟರ್ ಕಾಲಂಡ್ ಎಂಬ ಎಂಜಿನಿಯರ್ ಮರಳದಿಬ್ಬಗಳನ್ನು ಸೀಳಿ ಸಮುದ್ರಕ್ಕೆ ನೇರ ಕಾಲುವೆ ತೆಗೆಯುವ ಯೋಜನೆ ಮಾಡಿದರು. 1872ರಲ್ಲಿ ಅದರಲ್ಲಿ ಹಡಗು ಓಡಿತು. ನೀರಿನ ಸೆಳೆತವೇ ಕಾಲುವೆಯನ್ನು ಅಗಲ ಮಾಡುತ್ತದೆ, ಆಳ ಮಾಡುತ್ತದೆ ಅಂತ ಅವರು ಎಣಿಸಿದ್ದರು. ಹಾಗಾಗಲಿಲ್ಲ, ಮರಳು ಮತ್ತೆ ಬಂದು ಕೂತಿತು. ಕೊನೆಗೆ ಹೂಳೆತ್ತುವ ಯಂತ್ರಗಳನ್ನು ಇಳಿಸಿದ ಮೇಲೆಯೇ ದಾರಿ ಸರಿಹೋಯಿತು. ನನ್ನ ಪ್ರಕಾರ ರಾಟರ್‌ಡ್ಯಾಮ್‌ನ ಹಣೆಬರಹ ಬದಲಿಸಿದ್ದು ಈ ಕಾಲುವೆಯೇ. ಅದೇ ಸಮಯಕ್ಕೆ ರೈನ್ ನದಿಯ ಮೇಲ್ಗಡೆ, ಜರ್ಮನಿಯ ರೂರ್ ಪ್ರದೇಶದಲ್ಲಿ ಉಕ್ಕಿನ ಕಾರ್ಖಾನೆಗಳು ಬೆಳೆಯುತ್ತಿದ್ದವು. ಅವುಗಳಿಗೆ ಬೇಕಾದ ಅದಿರು ಇಲ್ಲಿ ಇಳಿದು, ದೋಣಿ ಬದಲಿಸಿ ಮೇಲಕ್ಕೆ ಹೋಗುತ್ತಿತ್ತು.

1940ರ ಮೇ 14ರಂದು ಜರ್ಮನ್ ಬಾಂಬುಗಳು ಊರಿನ ನಡುಭಾಗವನ್ನೇ ಸುಟ್ಟುಹಾಕಿದವು. 1944ರಲ್ಲಿ ಜರ್ಮನ್ನರು ಧಕ್ಕೆಗಳನ್ನೂ ಸ್ಫೋಟಿಸಿದರು. ಜನ ಎದೆಗುಂದಲಿಲ್ಲ. ಯುದ್ಧ ಮುಗಿದ ಮೇಲೆ ತೈಲ ಹಡಗುಗಳಿಗಾಗಿ ಪಶ್ಚಿಮಕ್ಕೆ ಬಾಟ್ಲೆಕ್, ಯುರೋಪೋರ್ಟ್ ಎಂಬ ಹೊಸ ಬಂದರು ಪ್ರದೇಶಗಳನ್ನು ಕಟ್ಟಿದರು. 1962ರಲ್ಲಿ ನ್ಯೂಯಾರ್ಕನ್ನು ಹಿಂದೆ ಹಾಕಿ ಅದು ಜಗತ್ತಿನ ಅತಿ ದೊಡ್ಡ ಬಂದರಾಯಿತು. ಈ ಪಟ್ಟ 2004ರವರೆಗೂ ಉಳಿಯಿತು.

ಈ ನಡುವೆ, 1960ರ ದಶಕದಿಂದಲೇ, ಜಾಗ ಸಾಲದೆ ಸಮುದ್ರಕ್ಕೇ ಮರಳು ತುಂಬಿ ಮಾಸ್‌ವ್ಲಾಕ್ಟೆ ಎಂಬ ಹೊಸ ನೆಲ ಮಾಡಿದರು. ಅದರ ಎರಡನೇ ಭಾಗ 2013ರಲ್ಲಿ ತೆರೆಯಿತು. ಈಗ ದೈತ್ಯ ಕಂಟೇನರ್ ಹಡಗುಗಳು ನಿಲ್ಲುವುದು ಅಲ್ಲೇ.