ಆರು ತಿಂಗಳ ಮಗುವಿಗೆ ಊಟ ಶುರು ಮಾಡುತ್ತಿದ್ದೇವೆ, ಬಟ್ಟಲು ಚಮಚ ಎಲ್ಲವನ್ನೂ ಪ್ರತಿ ಸಲ ಕುದಿಸಬೇಕಾ?

ನಿಮ್ಮ ಮಗುವಿಗೆ ಇನ್ನೇನು ಆರು ತಿಂಗಳು ತುಂಬುತ್ತದೆ. ಇಷ್ಟು ದಿನ ಹಾಲಿನ ಬಾಟಲಿಗಳನ್ನು ತಪ್ಪದೆ ಸ್ಟೆರಿಲೈಸ್ ಮಾಡಿಕೊಂಡು ಬಂದಿದ್ದೀರಿ. ಈಗ ಬಟ್ಟಲು, ಚಮಚ, ನೀರಿನ ಲೋಟ, ಮಿಕ್ಸಿ ಜಾರ್ ಎಲ್ಲ ಸೇರಿಕೊಳ್ಳುತ್ತಿವೆ. ಅತ್ತೆಯವರು ಎಲ್ಲವನ್ನೂ ಕುದಿಸಲೇಬೇಕು ಅನ್ನುತ್ತಾರೆ. ನೆಲದ ಮೇಲೆ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಇದೆಲ್ಲ ಯಾಕೆ ಅಂತ ಗೆಳತಿ ಕೇಳುತ್ತಾರೆ. ಯಾರು ಹೇಳುವುದು ಸರಿ, ಎಷ್ಟು ತಿಂಗಳವರೆಗೆ ಕುದಿಸಬೇಕು ಎಂಬುದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ, ಎರಡು ಮಕ್ಕಳ ತಾಯಿ. ದೊಡ್ಡವಳು ದಿನ ತುಂಬುವ ಮೊದಲೇ ಹುಟ್ಟಿದಳು. ಚಿಕ್ಕವನು ದಿನ ತುಂಬಿ ಹುಟ್ಟಿದ. ಹಾಗಾಗಿ ಒಂದೇ ಅಡುಗೆಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಕ್ರಮ ನಡೆಯಿತು. ಯಾಕೆ ಬೇರೆ ಎಂದು ಮಕ್ಕಳ ಡಾಕ್ಟರ್ ಹತ್ತಿರ ಕೂತು ಬಿಡಿಸಿ ಕೇಳಿಕೊಂಡಿದ್ದೆ. ಆಮೇಲೆ ಸಾಕಷ್ಟು ಓದಿಯೂ ಇದ್ದೇನೆ.

ದಿನ ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಾದರೆ ಊಟದ ಬಟ್ಟಲು, ಚಮಚ ಕುದಿಸಬೇಕಾಗಿಲ್ಲ. ಬಿಸಿ ನೀರು, ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೆದು ಪೂರ್ತಿ ಒಣಗಿಸಿದರೆ ಸಾಕು. ಹಾಲಿನ ಬಾಟಲಿ, ನಿಪ್ಪಲ್ ಮಾತ್ರ ಬೇರೆ ಲೆಕ್ಕ. ಇದರ ಅರ್ಥ ಸ್ವಚ್ಛತೆಯ ಚಿಂತೆಯನ್ನೇ ಬಿಟ್ಟುಬಿಡಿ ಎಂದಲ್ಲ. ಮಕ್ಕಳಿಗೆ ಬೇಧಿ ಜಾಸ್ತಿ ಆಗುವುದು ಆರು ತಿಂಗಳಿಂದ ಒಂದು ವರ್ಷದ ನಡುವೆ, ಹಾಲಲ್ಲದೆ ಬೇರೆ ಊಟ ಹೊಟ್ಟೆಗೆ ಹೋಗಲು ಶುರುವಾದ ಮೇಲೆಯೇ. ಆದರೆ ಬಹಳಷ್ಟು ಸಲ ಅದಕ್ಕೆ ಕಾರಣ ಕುದಿಸದ ಚಮಚ ಅಲ್ಲ. ತೊಳೆಯದ ಕೈ, ಶುದ್ಧವಲ್ಲದ ನೀರು, ಮಾಡಿಟ್ಟು ತುಂಬಾ ಹೊತ್ತಾದ ಊಟ. ನಿಮ್ಮ ಶಕ್ತಿ ಖರ್ಚಾಗಬೇಕಾದದ್ದು ಅಲ್ಲಿ.

ಮೊದಲು ಬಾಟಲಿಗೂ ಬಟ್ಟಲಿಗೂ ಯಾಕೆ ಈ ವ್ಯತ್ಯಾಸ ಎಂದು ಹೇಳುತ್ತೇನೆ. ಬಟ್ಟಲು ಬಾಯಿ ಬಿಟ್ಟುಕೊಂಡಿರುತ್ತದೆ. ಎಲ್ಲ ಕಡೆ ಕೈ ಹೋಗುತ್ತದೆ, ಜಿಡ್ಡು ಉಳಿದರೆ ಕಣ್ಣಿಗೆ ಕಾಣುತ್ತದೆ, ಬೇಗ ಒಣಗುತ್ತದೆ. ಬಾಟಲಿಯ ಕುತ್ತಿಗೆ, ನಿಪ್ಪಲ್ಲಿನ ತೂತು, ಮುಚ್ಚಳದ ಸುತ್ತು ಹಾಗಲ್ಲ. ಅಲ್ಲಿ ಹಾಲಿನ ಪಸೆ ಉಳಿದುಬಿಡುತ್ತದೆ. ಬ್ಯಾಕ್ಟೀರಿಯಾಕ್ಕೆ ಹಾಲು, ತೇವ, ಬೆಚ್ಚಗಿನ ಜಾಗ ಸಿಕ್ಕಿದರೆ ಇನ್ನೇನು ಬೇಕು. ಅದಕ್ಕೇ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಾಟಲಿ, ನಿಪ್ಪಲ್‌ಗಳನ್ನು ಕನಿಷ್ಠ 12 ತಿಂಗಳವರೆಗೆ ಸ್ಟೆರಿಲೈಸ್ ಮಾಡಿ ಎನ್ನುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಸ್ವಲ್ಪ ಸಡಿಲ. ಮಗು 2 ತಿಂಗಳಿಗಿಂತ ಚಿಕ್ಕದಿದ್ದರೆ, ದಿನ ತುಂಬದೆ ಹುಟ್ಟಿದ್ದರೆ, ರೋಗನಿರೋಧಕ ಶಕ್ತಿ ಕಡಿಮೆ ಇದ್ದರೆ ದಿನಕ್ಕೊಮ್ಮೆ ಮಾಡಿ, ಉಳಿದವರು ಪ್ರತಿ ಸಲ ಸರಿಯಾಗಿ ತೊಳೆದರೆ ನಡೆಯುತ್ತದೆ ಎನ್ನುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಬಾಟಲಿ ಬಳಸುವಷ್ಟು ದಿನ ಒಂದು ವರ್ಷದವರೆಗೆ ಮುಂದುವರಿಸಿ. ದಿನಕ್ಕೊಮ್ಮೆ ಎಲ್ಲ ಬಿಡಿಸಿ, ತೊಳೆದು, ನೀರಲ್ಲಿ ಪೂರ್ತಿ ಮುಳುಗಿಸಿ 10 ನಿಮಿಷ ಕುದಿಸುವುದು ಅಂಥ ದೊಡ್ಡ ಕೆಲಸವೇನಲ್ಲ.

ತೊಳೆದು ಎಂದು ಸುಮ್ನೆ ಹೇಳಲಿಲ್ಲ. ಜಿಡ್ಡು ಅಂಟಿದ ಪಾತ್ರೆಯನ್ನು ಹಾಗೇ ಕುದಿಸಿದರೆ ಆ ಜಿಡ್ಡಿನ ಕೆಳಗೆ ಬ್ಯಾಕ್ಟೀರಿಯಾ ಉಳಿದುಕೊಳ್ಳಬಹುದು. ತೊಳೆಯುವುದೇ ಮುಖ್ಯ ಕೆಲಸ, ಕುದಿಸುವುದು ಅದರ ಮೇಲಿನದು. ಕುದಿಸಿ ತೆಗೆದ ಮೇಲೆ ಒದ್ದೆ ಅಡುಗೆಮನೆ ಬಟ್ಟೆಯಲ್ಲಿ ಒರೆಸಿದರೆ ಮಾಡಿದ್ದೆಲ್ಲ ವ್ಯರ್ಥ. ಸ್ಪಂಜು, ಒರೆಸುವ ಬಟ್ಟೆ ಇವೆರಡೂ ಅಡುಗೆಮನೆಯಲ್ಲೇ ಹೆಚ್ಚು ಬ್ಯಾಕ್ಟೀರಿಯಾ ಇರುವ ವಸ್ತುಗಳು, ಯಾಕೆಂದರೆ ಅವು ಯಾವಾಗಲೂ ಹಸಿ. ಮಗುವಿನ ಪಾತ್ರೆಗೆ ಬೇರೆ ಬ್ರಷ್ ಇಟ್ಟುಕೊಳ್ಳಿ. ಪಾತ್ರೆಗಳನ್ನು ಬೋರಲು ಹಾಕಿ ಗಾಳಿಗೆ ಒಣಗಲು ಬಿಡಿ.

ಈಗ ಊಟದ ವಿಷಯ.

ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೆಲ್ಲ ಸಿಕ್ಕಿದರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಒಂದು ಗಂಟೆಗೆ ಎಂಟು. ಹೀಗೇ ಏಳು ಗಂಟೆ ಕಳೆದರೆ ಆ ಒಂದರಿಂದಲೇ 20 ಲಕ್ಷ ದಾಟುತ್ತದೆ. ಬೆಳಿಗ್ಗೆ ಅರೆದಿಟ್ಟ ಊಟವನ್ನು ಮಧ್ಯಾಹ್ನ ಕೊಡಬಾರದು ಎನ್ನುವುದಕ್ಕೆ ಇದೇ ಕಾರಣ. ಬಟ್ಟಲನ್ನು ಎಷ್ಟೇ ಕುದಿಸಿ ತೆಗೆದಿದ್ದರೂ ಒಳಗಿರುವ ಊಟ ಹೊರಗೇ ಕೂತಿದ್ದರೆ ಪ್ರಯೋಜನವಿಲ್ಲ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇವು ಬೇಗ ಬೆಳೆಯುತ್ತವೆ. ಬೇಯಿಸಿದ ಊಟ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೆಖೆ ಇದ್ದರೆ ನಾನು ಅಷ್ಟು ಹೊತ್ತೂ ಬಿಡುವುದಿಲ್ಲ.

ಅನ್ನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಇದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಕೂತರೆ ಮೊಳೆತು ಬೆಳೆದು, ವಾಂತಿ ತರುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಕುದಿಸಿ ಕೊಟ್ಟರಾಯಿತು" ಎನ್ನುವ ಮಾತು ಇಲ್ಲಿ ನಡೆಯದು. ಅನ್ನ ಉಳಿಸುವುದಾದರೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಒಂದು ದಿನದೊಳಗೆ ಮುಗಿಸಿ. ಮಗುವಿಗೆ ಆಗಾಗ ಹೊಸದಾಗಿ ಮಾಡಿಕೊಳ್ಳುವುದೇ ಒಳ್ಳೆಯದು, ಮೊದಮೊದಲು ತಿನ್ನುವುದೇ ಎರಡು ಮೂರು ಚಮಚ ಅಲ್ವಾ.

ಮಾಡಿದ್ದೆಲ್ಲವನ್ನೂ ಒಂದೇ ಬಟ್ಟಲಲ್ಲಿ ತಂದು ಮಗುವಿನ ಮುಂದೆ ಇಡಬೇಡಿ. ಬೇಕಾದಷ್ಟನ್ನು ಬೇರೆ ಚಮಚದಲ್ಲಿ ತೆಗೆದುಕೊಂಡು ಉಳಿದದ್ದನ್ನು ಮೊದಲೇ ಫ್ರಿಜ್‌ಗೆ ಸೇರಿಸಿ. ಮಗುವಿನ ಬಾಯಿಗೆ ಹೋದ ಚಮಚ ಬಟ್ಟಲಿಗೆ ವಾಪಸ್ ಬಂದಾಗ ಎಂಜಲು, ಅದರ ಜೊತೆ ಬ್ಯಾಕ್ಟೀರಿಯಾ ಊಟಕ್ಕೆ ಸೇರುತ್ತವೆ. ಆಗಲೇ ತಿಂದರೆ ತೊಂದರೆಯಿಲ್ಲ. ಆದರೆ ಬಟ್ಟಲಲ್ಲಿ ಉಳಿದದ್ದನ್ನು ಇನ್ನೊಂದು ಹೊತ್ತಿಗೆ ಎತ್ತಿಡಬಾರದು, ಎಸೆಯಲೇಬೇಕು. ಎಸೆಯಲು ಮನಸ್ಸು ಬರುವುದಿಲ್ಲ, ನನಗೂ ಅರ್ಥವಾಗುತ್ತದೆ. ಅದಕ್ಕೇ ಮೊದಲೇ ಸ್ವಲ್ಪ ಹಾಕಿಕೊಳ್ಳಿ, ಸಾಲದಿದ್ದರೆ ಮತ್ತೆ ಹಾಕಿ.

ಫ್ರಿಜ್‌ನಲ್ಲಿಟ್ಟದ್ದನ್ನು ಕೊಡುವಾಗ ಹೊಗೆಯಾಡುವಷ್ಟು ಬಿಸಿ ಮಾಡಿ, ಆರಿಸಿ ಕೊಡಿ. ಒಳಗೆಲ್ಲ 70 ಡಿಗ್ರಿ ಮುಟ್ಟಬೇಕು. ಬೆಚ್ಚಗೆ ಮಾಡಿದರೆ ಸಾಲದು. ಮೈಕ್ರೋವೇವ್ ಆದರೆ ನಡುವೆ ಕಲಕಿ, ಇಲ್ಲವಾದರೆ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ. ಒಂದು ಸಲ ಬಿಸಿ ಮಾಡಿದ್ದನ್ನು ಮತ್ತೆ ಬಿಸಿ ಮಾಡಬೇಡಿ. ಮೊಟ್ಟೆ, ಮಾಂಸ, ಮೀನು ಕೊಡುವ ಮನೆಯಾದರೆ ಪೂರ್ತಿ ಬೇಯಬೇಕು, ಹಸಿ ಮಾಂಸ ಕತ್ತರಿಸಿದ ಮಣೆ ಮತ್ತು ಚಾಕು ಮಗುವಿನ ಹಣ್ಣಿನ ಹತ್ತಿರ ಬರಬಾರದು.

ಇನ್ನು ಕೈ. ಅಡುಗೆಗೆ ಮುಂಚೆ, ತಿನ್ನಿಸುವ ಮುಂಚೆ, ಡೈಪರ್ ಬದಲಿಸಿದ ಮೇಲೆ, ಶೌಚಕ್ಕೆ ಹೋಗಿ ಬಂದ ಮೇಲೆ ಸೋಪು ಹಾಕಿ 20 ಸೆಕೆಂಡ್ ತೊಳೆಯಿರಿ. ಮಗುವಿನ ಕೈಯನ್ನೂ ಊಟಕ್ಕೆ ಮುಂಚೆ ತೊಳೆಯಿರಿ, ಚಮಚಕ್ಕಿಂತ ಮುಂಚೆ ಬಾಯಿಗೆ ಹೋಗುವುದು ಅದೇ. ಕೈ ಜಿಡ್ಡಾಗಿದ್ದರೆ ಸ್ಯಾನಿಟೈಜರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ವಾಂತಿ ಬೇಧಿ ತರುವ ಕೆಲವು ವೈರಸ್‌ಗಳು ಅದಕ್ಕೆ ಬಗ್ಗುವುದೂ ಇಲ್ಲ. ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿದ್ದರೆ ಅವರು ಮಗುವಿನ ಅಡುಗೆಯಿಂದ ಸ್ವಲ್ಪ ದಿನ ದೂರ ಇರಲಿ. ಮಗುವಿನ ಚಮಚದಲ್ಲೇ ರುಚಿ ನೋಡುವುದೂ ಬೇಡ. ಹಲ್ಲು ಹುಳುಕು ತರುವ ಬ್ಯಾಕ್ಟೀರಿಯಾ ದೊಡ್ಡವರ ಎಂಜಲಿನಿಂದ ಮಗುವಿಗೆ ಬರುತ್ತದೆ.

ಕುಡಿಯುವ ನೀರು ನೀವಿರುವ ಕಡೆ ನಂಬಿಕೆಗೆ ತಕ್ಕಂತಿದೆಯೇ ಎನ್ನುವುದರ ಮೇಲೆ ಹೋಗುತ್ತದೆ. ಸಂದೇಹವಿದ್ದರೆ ಕುದಿಸಿ ಆರಿಸಿಯೇ ಕೊಡಿ. ಉಕ್ಕಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಮುಚ್ಚಿದ ಪಾತ್ರೆಯಲ್ಲಿಟ್ಟು, ಅದರೊಳಗೆ ಲೋಟ ಮುಳುಗಿಸದೆ ಬಗ್ಗಿಸಿಕೊಳ್ಳಿ.

ಪುಡಿ ಹಾಲು ಕೊಡುತ್ತಿದ್ದರೆ ಇದನ್ನು ದಯವಿಟ್ಟು ಗಮನಿಸಿ. ಡಬ್ಬಿ ಎಷ್ಟೇ ಚೆನ್ನಾಗಿ ಸೀಲ್ ಆಗಿದ್ದರೂ ಆ ಪುಡಿ ಸ್ಟೆರೈಲ್ ಅಲ್ಲ, ಅಂದರೆ ಪೂರ್ತಿ ಸೂಕ್ಷ್ಮಜೀವಿ ಇಲ್ಲದ್ದಲ್ಲ. ಕ್ರೋನೋಬ್ಯಾಕ್ಟರ್ ಎನ್ನುವ ಬ್ಯಾಕ್ಟೀರಿಯಾ ಅಪರೂಪಕ್ಕೆ ಅದರಲ್ಲಿ ಇರಬಹುದು. ಎಳೆ ಮಕ್ಕಳಿಗೆ, ದಿನ ತುಂಬದೆ ಹುಟ್ಟಿದವರಿಗೆ ಅದು ಜೀವಕ್ಕೇ ಅಪಾಯ. ಬಾಟಲಿಯನ್ನು ಶ್ರದ್ಧೆಯಿಂದ ಕುದಿಸಿ, ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಪುಡಿ ಕಲಸುವವರು ಬಹಳ. ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಅಂದರೆ ಕುದಿಸಿ ಇಳಿಸಿದ ನೀರನ್ನು ಅರ್ಧ ಗಂಟೆಯೊಳಗೆ ಬಳಸಿ, ಕಲಸಿ, ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಆರಿಸಿ, ಮುಂಗೈ ಮೇಲೆ ಹನಿ ಬಿಟ್ಟು ನೋಡಿ ಕೊಡುವುದು. ಎರಡು ಗಂಟೆಯಲ್ಲಿ ಕುಡಿಯದಿದ್ದರೆ ಚೆಲ್ಲುವುದು. ಮಗುವಿನ ಊಟಕ್ಕೆ ಆ ಹಾಲು ಸೇರಿಸುವಾಗಲೂ ಇದೇ ನಿಯಮ.

ಲೋಟದ ಬಗ್ಗೆ ಒಂದು ಸಲಹೆ. ಚೆಲ್ಲದಂತೆ ವಾಲ್ವ್, ಸ್ಟ್ರಾ ಇರುವ ಲೋಟಗಳು ನೋಡಲು ಚಂದ, ಆದರೆ ಆ ಚಿಕ್ಕ ಸಂದುಗಳಲ್ಲಿ ಬೂಸ್ಟು ಹಿಡಿಯುತ್ತದೆ. ವಾಲ್ವ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಬಾಯಿ ಅಗಲವಾದ ಸಾದಾ ಪುಟ್ಟ ಲೋಟವೇ ನನಗೆ ಇಷ್ಟ. ಮಗು ಮೈಮೇಲೆ ಚೆಲ್ಲಿಕೊಳ್ಳುತ್ತದೆ, ಹಾಗೇ ಕಲಿಯುತ್ತದೆ.

ಒಂದು ವರ್ಷದವರೆಗೆ ಜೇನುತುಪ್ಪ ಬೇಡ, ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಬೊಟುಲಿಸಂ ಎನ್ನುವ, ಸ್ನಾಯುಗಳ ಶಕ್ತಿ ಕುಂದಿಸುವ ಅಪಾಯಕಾರಿ ಕಾಯಿಲೆ ತರುವ ಬೀಜಕಣಗಳು ಇರಬಹುದು, ಮನೆಯಲ್ಲಿ ಕುದಿಸಿದರೂ ಅವು ನಾಶವಾಗುವುದಿಲ್ಲ. ದೊಡ್ಡವರ ಕರುಳು ಅವನ್ನು ಬೆಳೆಯಲು ಬಿಡುವುದಿಲ್ಲ, ಎಳೆ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ.

ನಿಮ್ಮ ಗೆಳತಿಯ ನೆಲದ ಮಾತಿಗೆ ಬರುತ್ತೇನೆ. ಅವರು ಹೇಳುವುದರಲ್ಲಿ ಅರ್ಧ ನಿಜ. ಮನೆಯ ಸಾಮಾನ್ಯ ಸೂಕ್ಷ್ಮಜೀವಿಗಳ ಪರಿಚಯ ಮಗುವಿಗೆ ಆಗಲೇಬೇಕು, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಳೆಸಲಾಗದು. ಆದರೆ ಒಣಗಿದ ಆಟಿಕೆಯ ಮೇಲೆ ಇರುವುದು ಸಾಮಾನ್ಯವಾಗಿ ಕೆಲವೇ ಬ್ಯಾಕ್ಟೀರಿಯಾ, ಅವು ಅಲ್ಲಿ ಬೆಳೆಯುವುದಿಲ್ಲ. ಬೆಚ್ಚಗಿನ ಹಾಲಲ್ಲಿ, ಅರೆದ ಊಟದಲ್ಲಿ ಅವೇ ಲಕ್ಷಗಟ್ಟಲೆ ಆಗುತ್ತವೆ. ನೆಲವನ್ನು ಮಾಮೂಲಿಯಂತೆ ಒರೆಸಿ, ಚಪ್ಪಲಿ ಹೊರಗೆ ಬಿಡಿ, ಆಟಿಕೆಗಳನ್ನು ಆಗಾಗ ಸೋಪು ನೀರಲ್ಲಿ ತೊಳೆಯಿರಿ. ಘಾಟು ವಾಸನೆಯ ಸೋಂಕುನಿವಾರಕ ದ್ರಾವಣಗಳನ್ನು ಮಗು ತೆವಳುವ ಕಡೆ ದಿನಾ ಸುರಿಯಬೇಡಿ.

ನನ್ನ ದೊಡ್ಡ ಮಗಳ ವಿಷಯದಲ್ಲಿ ಡಾಕ್ಟರ್ ಬಟ್ಟಲು, ಚಮಚವನ್ನೂ ಕೆಲವು ತಿಂಗಳು ಕುದಿಸಲು ಹೇಳಿದ್ದರು, ಹಾಗೇ ಮಾಡಿದೆವು. ನಿಮ್ಮ ಮಗು ಬೇಗ ಹುಟ್ಟಿದ್ದರೆ, ಬೇರೇನಾದರೂ ಕಾಯಿಲೆ ಇದ್ದರೆ, ಮೇಲೆ ಹೇಳಿದ್ದಕ್ಕಿಂತ ನಿಮ್ಮ ಡಾಕ್ಟರ್ ಮಾತೇ ಮುಖ್ಯ.

ಊಟ ಶುರುವಾದ ಮೇಲೆ ಮಲದ ಬಣ್ಣ, ವಾಸನೆ ಬದಲಾಗುತ್ತದೆ. ತರಕಾರಿ ಚೂರು ಹಾಗೇ ಬರುವುದೂ ಉಂಟು. ಅದು ಸೋಂಕಲ್ಲ. ನೀರಿನಂತೆ ಮತ್ತೆ ಮತ್ತೆ ಹೋದರೆ ಅದು ಬೇಧಿ. ಆಗ ಎದೆಹಾಲು ನಿಲ್ಲಿಸಬೇಡಿ, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಜಿಂಕ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಮೂತ್ರ ಕಡಿಮೆಯಾದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಅಥವಾ ನೆತ್ತಿ ಗುಳಿ ಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಗು ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.