ಸಂಪಾದಕರ ಉತ್ತರ: ಗೇಣಿದಾರನಿಗೆ ಜಮೀನು ಕೊಟ್ಟದ್ದು ತುರ್ತುಪರಿಸ್ಥಿತಿಯಲ್ಲ

ಮಾನ್ಯ ಹಿರಿಯರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ತುರ್ತುಪರಿಸ್ಥಿತಿಯ ನೆನಪುಗಳನ್ನು ಓದಿ ಸಾಗರದ ಕಡೆಯಿಂದ ತಾವು ಬರೆದ ಪತ್ರ ಕೈಸೇರಿದೆ. ಆ 21 ತಿಂಗಳಲ್ಲಿ ತೊಂದರೆಪಟ್ಟವರು ರಾಜಕಾರಣಿಗಳು ಮಾತ್ರ, ಹಳ್ಳಿಯ ಬಡವನಿಗೆ ಅದೇ ಕಾಲದಲ್ಲಿ ಜಮೀನು ಸಿಕ್ಕಿತು, ಜೀತ ತಪ್ಪಿತು, ಸರ್ಕಾರಿ ಕಚೇರಿಗಳು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದವು ಎಂಬುದು ತಮ್ಮ ವಾದ. 1977ರಲ್ಲಿ ಉತ್ತರ ಭಾರತವೆಲ್ಲ ಇಂದಿರಾ ಗಾಂಧಿಯವರ ಪಕ್ಷವನ್ನು ತಿರಸ್ಕರಿಸಿದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದಕ್ಕೆ ಕೊಟ್ಟದ್ದನ್ನು ಸಾಕ್ಷಿಯಾಗಿ ಮುಂದಿಟ್ಟಿದ್ದೀರಿ. ಕೊನೆಗೆ, ಆಳುವವರು ಕೆಟ್ಟವರೇ ಆದರೂ ಸಾಮಾನ್ಯ ಮನುಷ್ಯ ತಲೆತಗ್ಗಿಸಿ ತನ್ನ ಸಂಸಾರ ನೋಡಿಕೊಳ್ಳುವುದೇ ವಿವೇಕವಲ್ಲವೇ ಎಂದು ಕೇಳಿದ್ದೀರಿ. ಈ ಮಾತುಗಳನ್ನು ಎರಡು ಸಾಲಿನ ಟಿಪ್ಪಣಿಯಲ್ಲಿ ಮುಗಿಸುವುದು ಸರಿಯಲ್ಲವೆನಿಸಿದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಾನೂ ಗೇಣಿದಾರನ ಮಗ. ನಮ್ಮ ಮನೆಯವರು ತಲೆಮಾರುಗಳಿಂದ ಉಳುತ್ತಿದ್ದ ಗದ್ದೆ ನಮ್ಮ ತಂದೆಯ ಹೆಸರಿಗೆ ಬಂದದ್ದು ಭೂನ್ಯಾಯಮಂಡಳಿಯಿಂದಲೇ, ಅದೂ ತುರ್ತುಪರಿಸ್ಥಿತಿಯ ಅವಧಿಯಲ್ಲೇ. ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ಹೆಸರನ್ನು ನಮ್ಮ ಮನೆಯಲ್ಲಿ ಇಂದಿಗೂ ಗೌರವದಿಂದಲೇ ಹೇಳುತ್ತೇವೆ. ಆದ್ದರಿಂದ ತಮ್ಮ ಕೃತಜ್ಞತೆ ನನಗೆ ಪರಕೀಯವಲ್ಲ. ಆದರೆ ಆ ಕೃತಜ್ಞತೆ ಸಲ್ಲಬೇಕಾದದ್ದು ಯಾರಿಗೆ ಎಂಬಲ್ಲಿ ನಾನು ತಮ್ಮಿಂದ ಬೇರೆಯಾಗುತ್ತೇನೆ.

ಗೇಣಿ ಪದ್ಧತಿಯನ್ನು ರದ್ದುಪಡಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ತುರ್ತುಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ. ವಿಧಾನಮಂಡಲದಲ್ಲಿ ವಿರೋಧ ಪಕ್ಷಗಳು ಬಾಯಿಬಿಟ್ಟು ಮಾತಾಡುತ್ತಿದ್ದ, ಪತ್ರಿಕೆಗಳು ಪರ-ವಿರೋಧ ಬರೆಯುತ್ತಿದ್ದ ದಿನಗಳಲ್ಲೇ ಈ ಕಾನೂನು ಬಂತು. ಇನ್ನೂ ಹಿಂದಕ್ಕೆ ಹೋದರೆ ತಮ್ಮ ತಾಲ್ಲೂಕಿನ ಕಾಗೋಡೇ ಎದುರಾಗುತ್ತದೆ. 1951ರಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ತಕರಾರೆತ್ತಿದ ರೈತರು ಜಮೀನಿನ ಒಡೆಯರ ಎದುರು ನಿಂತರು, ಸಮಾಜವಾದಿಗಳು ಅವರ ಜೊತೆಗೂಡಿದರು, ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಮರುವರ್ಷ ವಿಧಾನಸಭೆಗೆ ಆರಿಸಿಬಂದ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಮಾತನ್ನು ಸದನದೊಳಗೆ ಆಡಿದರು. 1972ರಲ್ಲಿ ತೀರಿಕೊಂಡ ಅವರಿಗೆ ಈ ಕಾನೂನನ್ನು ಕಾಣುವ ಭಾಗ್ಯ ಇರಲಿಲ್ಲ. ‘ಉಳುವವನೇ ಹೊಲದೊಡೆಯ’ ಎಂಬ ಕೂಗು ಹುಟ್ಟಿದ್ದು ಜನ ಗುಂಪು ಸೇರಿ, ಮೆರವಣಿಗೆ ಹೋಗಿ, ಜೈಲು ತುಂಬಲು ಸಿದ್ಧರಿದ್ದುದರಿಂದ. 1975ರಲ್ಲಿ ನಿಷೇಧಕ್ಕೊಳಗಾದದ್ದು ಸರಿಯಾಗಿ ಅದೇ. ಕಾಗೋಡಿನ ಚಳವಳಿಗೆ ಹೆಗಲು ಕೊಟ್ಟ ಸಮಾಜವಾದಿ ಬಳಗದವರನ್ನೇ ಹುಡುಕಿ ಹುಡುಕಿ ಒಳಗೆ ಹಾಕಿದರು.

ನಮ್ಮ ತಂದೆಗೆ ಓದುಬರಹ ಬರುತ್ತಿರಲಿಲ್ಲ. ಉಳುವ ಜಮೀನಿನ ಹಕ್ಕು ಕೋರುವ ಅವರ ಡಿಕ್ಲರೇಶನ್ ಅರ್ಜಿಯನ್ನು ತುಂಬಿ, ಸರ್ವೆ ನಂಬರು ಹುಡುಕಿ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡವರು ನಮ್ಮೂರಿನ ಶಾಲೆಯ ಮೇಷ್ಟ್ರು. ಊರಿನ ಎಷ್ಟೋ ಮನೆಗಳ ಅರ್ಜಿಗಳ ಮೇಲೆ ಅವರ ದುಂಡನೆಯ ಅಕ್ಷರವೇ ಇತ್ತು. ತುರ್ತುಪರಿಸ್ಥಿತಿ ಬಂದ ಕೆಲವೇ ತಿಂಗಳಲ್ಲಿ, ಕರಪತ್ರ ಹಂಚಿದರೆಂಬ ಗುಮಾನಿಯ ಮೇಲೆ ಮೇಷ್ಟ್ರನ್ನು, ವಿಚಾರಣೆಯಿಲ್ಲದೆ ಬಂಧಿಸಿಡಲು ಅವಕಾಶವಿದ್ದ ಮೀಸಾ ಕಾಯ್ದೆಯಡಿ ಕರೆದೊಯ್ದರು. ಆಮೇಲೆ ತಂದೆಯ ಕೇಸು ವಿಚಾರಣೆಗೆ ಬಂತು. ಒಡೆಯರು ಒಂದು ಕಡೆ, ತಂದೆ ಇನ್ನೊಂದು ಕಡೆ, ನಡುವೆ ಮಂಡಳಿಯ ಸದಸ್ಯರು. ವಕೀಲರಿಗೆ ಅಲ್ಲಿ ಅವಕಾಶವಿರಲಿಲ್ಲವಾದ್ದರಿಂದ ತಂದೆ ತಮ್ಮ ಬಾಯಿಂದಲೇ, ಯಾವ ಬದುವಿನಿಂದ ಯಾವ ಬದುವಿನವರೆಗೆ, ಯಾರ ಕಾಲದಿಂದ ಎಂದು ಹೇಳಬೇಕಿತ್ತು, ಹೇಳಿದರು. ಮಧ್ಯೆ ಯಾರೋ ಒಬ್ಬರು, ಅಕ್ಷರ ನೋಡಿಯೋ ಏನೋ, “ಇದನ್ನು ಬರೆದುಕೊಟ್ಟವರು ಯಾರು?” ಎಂದು ಕೇಳಿದರಂತೆ. ತಂದೆ, “ಪೇಟೆಯಲ್ಲಿ ಯಾರೋ ಬರೆದುಕೊಟ್ಟರು ಸ್ವಾಮಿ” ಎಂದರಂತೆ. ಜಮೀನು ನಮಗಾಯಿತು. ಆದರೆ ಆ ಉತ್ತರ ತಂದೆಯನ್ನು ಕೊನೆಯವರೆಗೂ ಬಿಡಲಿಲ್ಲ. ಬಿಡುಗಡೆಯಾಗಿ ಬಂದ ಮೇಷ್ಟ್ರು ಎದುರಾದಾಗಲೆಲ್ಲ ಹೆಗಲ ಮೇಲಿನ ಟವೆಲು ತೆಗೆದು ಕೈಗೆ ಸುತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು.

ಅದೇ ವರ್ಷ, ಅದೇ ಸರ್ಕಾರದ ಕೆಳಗೆ ಇವರಿಬ್ಬರಿಗೂ ಆದದ್ದನ್ನು ತಾವು ಒಟ್ಟಿಗೆ ಇಟ್ಟು ನೋಡಬೇಕೆಂದು ಕೋರುತ್ತೇನೆ. ನಮ್ಮ ತಂದೆಗೆ ನೋಟಿಸು ಬಂತು, ಎದುರಾಳಿಯ ವಾದವೇನೆಂದು ತಿಳಿಯಿತು, ತಮ್ಮ ಮಾತು ಹೇಳಲು ಅವಕಾಶ ಸಿಕ್ಕಿತು. ಮೇಷ್ಟ್ರಿಗೆ ಬಂಧನದ ಕಾರಣವನ್ನೂ ತಿಳಿಸಬೇಕಾಗಿಲ್ಲ ಎಂದು ಮೀಸಾ ಕಾಯ್ದೆಯನ್ನೇ ತಿದ್ದಲಾಗಿತ್ತು. ಇಂಥ ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸಲು ಕೋರುವ ಅರ್ಜಿಗಳನ್ನು, ಕೇಳಲೇಬೇಕು ಎಂದ ಹೈಕೋರ್ಟುಗಳಲ್ಲಿ ನಮ್ಮ ಹೈಕೋರ್ಟೂ ಒಂದು. ಅದರ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೂ, ಸದಾನಂದಸ್ವಾಮಿ ಅವರನ್ನು ಗುವಾಹಟಿಗೂ ವರ್ಗಾಯಿಸಲಾಯಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದರ ಬಹುಮತದಲ್ಲಿ ಆ ಬಾಗಿಲನ್ನೂ ಮುಚ್ಚಿತು. ಒಪ್ಪದ ಒಬ್ಬರು ಎಚ್.ಆರ್. ಖನ್ನಾ, ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈತಪ್ಪಿತು. ನಮ್ಮ ತಂದೆಗೆ ಜಮೀನು ಕೊಡಲು ಮೇಷ್ಟ್ರನ್ನು ಜೈಲಿನಲ್ಲಿಡುವುದು ಯಾವ ರೀತಿಯಲ್ಲೂ ಅಗತ್ಯವಿರಲಿಲ್ಲ.

ರಾಜಕಾರಣಿಗಳು ಮಾತ್ರ ಕಷ್ಟಪಟ್ಟರು ಎಂಬ ಮಾತಿಗೆ ಬೆಂಗಳೂರಿನ ಎರಡು ಉದಾಹರಣೆಗಳು ಸಾಕು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿಬಿಡಿಸಲು ಅವರ ತಮ್ಮ ಲಾರೆನ್ಸ್ ಅವರನ್ನು 1976ರ ಮೇ 1ರಂದು ಹಿಡಿದೊಯ್ದು ಕೊಟ್ಟ ಚಿತ್ರಹಿಂಸೆ ಅವರ ಆರೋಗ್ಯವನ್ನೇ ಮುರಿಯಿತು. ಮರುದಿನ ಬಂಧಿತರಾದವರು ನಟಿ, ರಂಗಕರ್ಮಿ ಸ್ನೇಹಲತಾ ರೆಡ್ಡಿ. ತೀವ್ರ ಅಸ್ತಮಾ ಇದ್ದ ಅವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಯಾವ ಪ್ರಕರಣದ ಹೆಸರಿನಲ್ಲಿ ಹಿಡಿದರೋ ಅದರ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದ ಅವರು 20ರಂದು ತೀರಿಕೊಂಡರು. ಇವೆರಡೂ ನಡೆದದ್ದು ಅರಸರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯದ ಪೊಲೀಸು ಮತ್ತು ಜೈಲುಗಳಲ್ಲಿ. ಅವರನ್ನು ಗೌರವಿಸುವ ನಾವು ಇದನ್ನೂ ಅವರ ಲೆಕ್ಕದಲ್ಲಿ ಬರೆಯಲೇಬೇಕು.

ಇನ್ನು 1977ರ ಮತ. ಕಾಂಗ್ರೆಸ್ಸಿನ ಹಸು-ಕರುವಿನ ಗುರುತಿಗೆ ನಮ್ಮ ತಂದೆಯೂ ಮತ ಹಾಕಿದರು, ಮುಚ್ಚುಮರೆಯಿಲ್ಲದೆ ಹೇಳಿಕೊಂಡರು, ನಾನು ಅದನ್ನು ತಪ್ಪೆನ್ನಲಾರೆ. ಅದು ಗದ್ದೆಗೆ ಹಾಕಿದ ಮತ. ಬಲವಂತದ ಸಂತಾನಹರಣದ ಕೋಪ ಉತ್ತರದಲ್ಲಿ ಕಟ್ಟೆಯೊಡೆದಷ್ಟು ಇಲ್ಲಿ ಒಡೆದಿರಲಿಲ್ಲ. ಅದಲ್ಲದೆ, ಸುಮಾರು ಒಂದೂವರೆ ವರ್ಷ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಸುದ್ದಿ ಕಿತ್ತುಹಾಕಿದ ಜಾಗವನ್ನು ಖಾಲಿ ಬಿಡುವುದಕ್ಕೂ ಅನುಮತಿ ಇರಲಿಲ್ಲ, ಯಾವುದಾದರೂ ನಿರುಪದ್ರವಿ ಬರಹದಿಂದ ತುಂಬಬೇಕಿತ್ತು. ಬೆಂಗಳೂರಿನ ಜೈಲಿನೊಳಗೆ ಏನಾಗುತ್ತಿದೆ ಎಂದು ನಮ್ಮ ಜಗಲಿಗೆ ತಿಳಿಯುವ ದಾರಿಯೇ ಇರಲಿಲ್ಲ. ಗೊತ್ತಿಲ್ಲದ ಸಂಗತಿಗೆ ಜನ ಒಪ್ಪಿಗೆ ಕೊಟ್ಟರೆಂದು ಆ 26 ಸ್ಥಾನಗಳಿಂದ ತೀರ್ಮಾನಿಸಲಾಗದು.

ತಲೆತಗ್ಗಿಸಿ ಬಾಳುವುದು ವಿವೇಕವಲ್ಲವೇ ಎಂಬ ತಮ್ಮ ಪ್ರಶ್ನೆಯಲ್ಲಿ ದಣಿವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಂಡಳಿಯ ಎದುರು ಮೇಷ್ಟ್ರ ಹೆಸರು ಹೇಳಿದ್ದರೆ ಗದ್ದೆ ಹೋಗುತ್ತಿತ್ತೋ ಇಲ್ಲವೋ, ಹೋಗಬಹುದೆಂಬ ಭಯ ಮಾತ್ರ ನಿಜವಾಗಿತ್ತು. ಮನೆತುಂಬ ಮಕ್ಕಳಿದ್ದ ಒಬ್ಬ ಗೇಣಿದಾರನಿಂದ ಅದಕ್ಕಿಂತ ಹೆಚ್ಚಿನದನ್ನು ಕೇಳುವ ಅಧಿಕಾರ ನನಗಿಲ್ಲ. ಆದರೆ ತನಗೆ ನೆರವಾದವನ ಹೆಸರು ಹೇಳಲೂ ಹೆದರುವಂತೆ ಮಾಡಿದ ಆಡಳಿತವನ್ನು ಒಳ್ಳೆಯ ಆಡಳಿತವೆಂದು ನಾನು ಕರೆಯಲಾರೆ, ಅದು ಎಷ್ಟೇ ಎಕರೆ ಹಂಚಿದ್ದರೂ. ತಲೆಯೆತ್ತಬೇಕಾದ ಹೊಣೆ ಮೊದಲು ಬರುವುದು ಸಂಬಳ, ಸ್ಥಾನ, ಅಕ್ಷರಗಳ ರಕ್ಷಣೆ ಇರುವ ನ್ಯಾಯಾಧೀಶ, ಅಧಿಕಾರಿ, ಪತ್ರಕರ್ತರ ಮೇಲೆ. ಅಂಥ ಕೆಲವರು ತಲೆಯೆತ್ತಿದ್ದರಿಂದಲೇ 1978ರ 44ನೇ ತಿದ್ದುಪಡಿಯ ನಂತರ, ತುರ್ತುಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ಯಾರೂ ತಡೆಯುವಂತಿಲ್ಲ. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟು 2017ರಲ್ಲಿ ತಾನೇ ತಳ್ಳಿಹಾಕಿತು. 2017ರ ಆ ಖಾಸಗಿತನದ ಹಕ್ಕಿನ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ತಮ್ಮ ಪತ್ರವನ್ನು ಒಂದಕ್ಷರವೂ ಬಿಡದೆ ಇದೇ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೇವೆ. ತಮ್ಮ ಮನೆಯ ಡಿಕ್ಲರೇಶನ್ ಕಾಗದಗಳು ಇನ್ನೂ ಉಳಿದಿದ್ದರೆ, ಆ ಅರ್ಜಿಯನ್ನು ಬರೆದುಕೊಟ್ಟವರು ಯಾರು, ಆಮೇಲೆ ಅವರೇನಾದರು ಎಂಬುದನ್ನು ವಿಚಾರಿಸಿ ಬರೆದರೆ ಅದನ್ನೂ ಸಂತೋಷದಿಂದ ಪ್ರಕಟಿಸುತ್ತೇವೆ.

– ಸಂಪಾದಕ